ಒದ್ದೆಯಾಗದ ಟ್ರೇ

ನಾಮಕ್ಕಲ್ಲಿನಿಂದ ಕೋಲ್ಕತ್ತದವರೆಗೆ, ಹದಿನಾರು ಗಾಲಿಯ ಲಾರಿಯಲ್ಲಿ ಐದು ಲಕ್ಷ ಮೊಟ್ಟೆ ತುಂಬಿಕೊಂಡು, ಇಡೀ ದಾರಿ ರಿವರ್ಸ್ ಗೇರಿನಲ್ಲೇ ಹೋದವನು ನಾನು. ಒಂದೂ ಒಡೆಯಲಿಲ್ಲ. ಒಡೆಯುವ ಮಾತು ಹಾಗಿರಲಿ, ಇಳಿಸಿ ಎಣಿಸಿದಾಗ ಎರಡು ಹೆಚ್ಚೇ ಇದ್ದವು. ಗಾಡಿ ಓಡಿದ ಹಿತಕ್ಕೆ ಮೊಟ್ಟೆಗಳೇ ಮೊಟ್ಟೆ ಇಟ್ಟಿವೆ ಎಂದು ಅಲ್ಲಿನ ವ್ಯಾಪಾರಿ ನನಗೆ ಕೈಮುಗಿದ.

ಇದನ್ನು ಯಾರೂ ನಂಬುವುದಿಲ್ಲ, ಗೊತ್ತು. ಸೇಲಂ ರಸ್ತೆಯ ಚಹಾದಂಗಡಿಯಲ್ಲಿ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆದರೆ ಅದೇ ಜನ, ನನ್ನ ಮೊದಲನೇ ದಿನದ ಟ್ರೇ ಕತೆ ಹೇಳಿದರೆ ಗಪ್‌ಚಿಪ್. "ಅದು ಮಾತ್ರ ನಿಜ. ಪಾವಾಯಕ್ಕನೇ ಅಂಗೈ ಆಡಿಸಿ ನೋಡಿದ್ದು" ಎನ್ನುತ್ತಾರೆ. ನನ್ನ ಹೆಸರೇ ಹಾಗೆ ಉಳಿದಿದೆ: ಟ್ರೇ ಒದ್ದೆಯಾಗದ ನಾಚಿಮುತ್ತು.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ನನಗಾಗ ಇಪ್ಪತ್ತಮೂರು. ಹೆವಿ ಲೈಸೆನ್ಸ್ ಕೈಗೆ ಬಂದು ನಾಲ್ಕು ತಿಂಗಳಾಗಿತ್ತು. ಅನುಭವ ಅಂದರೆ, ಮಾವನ ಟ್ರ್ಯಾಕ್ಟರಿನಲ್ಲಿ ಎರಡು ಹಂಗಾಮು ಕಬ್ಬು ಸಾಗಿಸಿದ್ದೆ. ಆಮೇಲೆ ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ, ಇನ್ನೂ ಮರದ ಬಾಡಿ ಕೂರಿಸದ ಬರೀ ಚಾಸಿಗಳನ್ನು ಈ ಗೋಡೆಯಿಂದ ಆ ಗೋಡೆಗೆ ದಾಟಿಸುತ್ತಿದ್ದೆ. ಎಲ್ಲ ಸೇರಿಸಿದರೆ ಲಾರಿ ಓಡಿಸಿದ್ದು ಏಳೆಂಟು ಕಿಲೋಮೀಟರು. ಅದರಲ್ಲಿ ಅರ್ಧ ಹಿಂದಕ್ಕೆ.

ನಾಮಕ್ಕಲ್ಲಿನಲ್ಲಿ ಮನುಷ್ಯರಿಗಿಂತ ಲಾರಿ ಹೆಚ್ಚು, ಲಾರಿಗಿಂತ ಕೋಳಿ ಹೆಚ್ಚು. ಆದರೂ ನನಗೆ ಒಂದು ಸ್ಟೀರಿಂಗ್ ಸಿಗಲಿಲ್ಲ. ಏಳು ಸಾವಿರ ಮಾಲೀಕರ ಬಾಗಿಲು ತಟ್ಟಿದೆ. ಸರಿ, ಏಳು.

"ಎಷ್ಟು ವರ್ಷದ ಸರ್ವೀಸು?" ಅಂತ ಕೇಳಿದರು ಮೊದಲನೆಯವರು.

"ಹನ್ನೊಂದು ವರ್ಷ, ಅಯ್ಯಾ."

"ವಯಸ್ಸೆಷ್ಟು?"

"ಇಪ್ಪತ್ತಮೂರು."

"ಅಂದ್ರೆ ಏಳನೇ ಕ್ಲಾಸಿಂದ್ಲೇ ಹೊಡೀತಿದ್ದೀಯ. ಸ್ಕೂಲಿಗೂ ಲಾರೀಲೇ ಹೋಗ್ತಿದ್ದೆ ಅನ್ನು. ಎದ್ದೋಗೋ ಮೊದ್ಲು."

ಎರಡನೆಯವರ ಹತ್ತಿರ ನಿಜ ಹೇಳಿದೆ. "ಅನುಭವ ತಗೊಂಡು ಬಾ" ಎಂದರು.

"ಯಾರೂ ಗಾಡಿ ಕೊಡದೆ ಅನುಭವ ಎಲ್ಲಿಂದ ತರ್ಲಿ ಅಯ್ಯಾ?"

"ಬೇರೆಯವ್ರ ಗಾಡಿ ಗುದ್ದಿ ಕಲ್ತ್ಕೊಂಡು ಬಾ. ಆಮೇಲೆ ನಂದು ಓಡ್ಸು."

ಉಳಿದ ಐವರು ಇಷ್ಟು ಉದ್ದದ ಮಾತನ್ನೂ ಆಡಲಿಲ್ಲ. ನಾನು ಸೋದರತ್ತೆಯ ಮನೆಯಲ್ಲಿದ್ದೆ. ಅನ್ನ ಬಡಿಸುವಾಗ ಸೌಟು ಪಾತ್ರೆಗೆ ತಾಗುವ ಸದ್ದಿನಲ್ಲೇ ನಾನು ಎಷ್ಟು ದಿನದಿಂದ ಅಲ್ಲಿದ್ದೇನೆಂದು ಆಕೆ ಹೇಳುತ್ತಿದ್ದಳು.

ಕೊನೆಗೆ ಉಳಿದದ್ದು ಪಾವಾಯಕ್ಕ. ಗಂಡ ಸತ್ತ ಮೇಲೆ ಒಂದು ಲಾರಿಯನ್ನು ಆರು ಮಾಡಿದ ಹೆಂಗಸು. ಕೇರಳಕ್ಕೆ ಮೊಟ್ಟೆ ಸಾಗಿಸುವುದು ಅವಳ ಕೆಲಸ: ಇಂದು ಸಂಜೆ ಹೊರಟರೆ ನಾಳೆ ಮಧ್ಯಾಹ್ನಕ್ಕೆ ವಾಪಸ್ಸು. ಉತ್ತರ ಭಾರತದ ಲೈನಿಗೆ ಹೋದರೆ ಎರಡು ತಿಂಗಳಿಗೊಮ್ಮೆ ಮನೆಯ ಮುಖ, ಇಲ್ಲಿ ದಿನ ಬಿಟ್ಟು ದಿನ. ಆದ್ದರಿಂದ ಅವಳ ಅಂಗಳದಲ್ಲಿ ಒಂದು ಸೀಟು ಖಾಲಿಯಾದರೆ ಇಡೀ ಜಿಲ್ಲೆಗೆ ಸುದ್ದಿ.

ಅವಳು ಸರ್ವೀಸು ಕೇಳುತ್ತಿರಲಿಲ್ಲ, ಲೈಸೆನ್ಸನ್ನೂ ತಿರುಗಿಸಿ ನೋಡುತ್ತಿರಲಿಲ್ಲ. ಅವಳದೊಂದೇ ಪರೀಕ್ಷೆ. ಹಳೇ ಲಾರಿಯಲ್ಲಿ ಡ್ರೈವರನ ಪಕ್ಕ, ಕ್ಯಾಬಿನ್ನಿನೊಳಗೇ ಉಬ್ಬಿಕೊಂಡಿರುತ್ತದಲ್ಲ ಎಂಜಿನ್ನಿನ ಬಾನೆಟ್ಟು, ಅದರ ಮೇಲೆ ಮೂವತ್ತು ಮೊಟ್ಟೆಯ ಒಂದು ಟ್ರೇ ಇಡಬೇಕು. ಕಟ್ಟುವಂತಿಲ್ಲ, ಹಿಡಿಯುವಂತಿಲ್ಲ. ಕೆರೆ ಏರಿಯವರೆಗೆ ಹೋಗಿ ಹತ್ತು ನಿಮಿಷದಲ್ಲಿ ಬರಬೇಕು. ಟ್ರೇಯನ್ನು ರಾಶಿಯಿಂದ ಡ್ರೈವರೇ ಆರಿಸಿಕೊಳ್ಳಬೇಕು, ಆಮೇಲೆ ಕೊಳೆತದ್ದು ಕೊಟ್ಟಳು ಅನ್ನಬಾರದು. ಬಂದ ಮೇಲೆ ಪಾವಾಯಕ್ಕ ಟ್ರೇಯ ಅಡಿಗೆ ಅಂಗೈ ಆಡಿಸುತ್ತಾಳೆ. ರಟ್ಟಿನ ಟ್ರೇ, ಒಂದು ಒಡೆದರೂ ಒದ್ದೆ. ಯಾರ ಟ್ರೇ ಹೆಚ್ಚು ಒಣಗಿದೆಯೋ ಅವನಿಗೆ ಕೀಲಿ.

"ಜೊತೇಲಿ ಯಾರೂ ಕೂರೋದಿಲ್ವಾ ಅಕ್ಕಾ?" ಅಂದೆ ಹಿಂದಿನ ದಿನ ಕೇಳಲು ಹೋದಾಗ.

"ಯಾಕೆ ಕೂರ್ಬೇಕು? ನಾನು ನೋಡೋದು ಮೊಟ್ಟೇನ. ನಿನ್ನ ಮೂತೀನಲ್ಲ."

ಆ ದಿನ ಪುರಟ್ಟಾಸಿ ತಿಂಗಳ ಶನಿವಾರ. ಆ ತಿಂಗಳು ನಮ್ಮ ಕಡೆ ಮನೆಯೊಲೆಯ ಮೇಲೆ ಮೊಟ್ಟೆ ಏರುವುದಿಲ್ಲ. ಅದು ಪೆರುಮಾಳ್ ದೇವರ ತಿಂಗಳು. ಶನಿವಾರವಂತೂ ಮಾತೇ ಇಲ್ಲ. ಬೇರೆ ದಿನವಾದರೆ ಪರೀಕ್ಷೆಯ ಮೊಟ್ಟೆಯಿಂದಲೇ ಗೆದ್ದವನಿಗೆ ಆಮ್ಲೆಟ್ಟು ಹಾಕಿಕೊಡುವುದು ಪಾವಾಯಕ್ಕನ ವಾಡಿಕೆ. ಆ ದಿನ ಅದಿಲ್ಲ. ಅಂದರೆ ಯಾರೂ ಒಡೆದು ನೋಡುವುದಿಲ್ಲ. ಇದು ನನ್ನ ತಲೆಗೆ ಹೊಳೆದದ್ದು ಬೆಳಗಿನ ಐದಕ್ಕೆ, ಅತ್ತೆ ಸ್ನಾನಕ್ಕೆಂದು ಹಿತ್ತಲಿನ ಹಂಡೆಗೆ ಬೆಂಕಿ ಹಾಕಿ ಹೂ ಕೊಯ್ಯಲು ಹೋದಾಗ.

ಹೋದ ತಿಂಗಳಿನವರೆಗೆ ಈ ಭಾಗವನ್ನು ಯಾರಿಗೂ ಹೇಳಿರಲಿಲ್ಲ. ಚಹಾದಂಗಡಿಯಲ್ಲಿ ನಾನು ಹೇಳುವ ಕತೆ ಲಾರಿ ಹತ್ತುವಲ್ಲಿಂದ ಶುರುವಾಗುತ್ತದೆ.

ಪಕ್ಕದ ಕೋಳಿಫಾರಮ್ಮಿನಿಂದ ಟ್ರೇ ಸಮೇತ ತಂದ ಮೂವತ್ತು ಮೊಟ್ಟೆ ಹಂಡೆಯಲ್ಲಿ ಕುದಿದವು. ಅತ್ತೆ ಅದೇ ನೀರಲ್ಲಿ ಮಿಂದು, ಒದ್ದೆ ಕೂದಲಿಗೆ ತುಳಸಿ ಮುಡಿದು, ಪೆರುಮಾಳಿನ ಗುಡಿಗೆ ಹೋದಳು. ಅವಳು ಕಾಯಿ ಒಡೆಸುತ್ತಿದ್ದ ಹೊತ್ತಿಗೆ ನಾನು ಗೋಣಿಚೀಲದಲ್ಲಿ ಟ್ರೇ ಇಟ್ಟುಕೊಂಡು ಪಾವಾಯಕ್ಕನ ರಾಶಿಯ ಹಿಂದೆ ಅಡಗಿಸುತ್ತಿದ್ದೆ.

ನನ್ನ ಜೊತೆ ಇನ್ನೊಬ್ಬನೇ ಬಂದಿದ್ದ. ವೀರಮಲೈ. ನಲವತ್ತರ ಹತ್ತಿರ, ಹದಿನಾಲ್ಕು ವರ್ಷ ಲಾರಿ ಹೊಡೆದವನು. ಅವನ ಹಳೇ ಮಾಲೀಕ ಗಾಡಿಗಳನ್ನೆಲ್ಲ ಮಾರಿಬಿಟ್ಟಿದ್ದ. ನಾನು ಬೆವರುವುದನ್ನು ನೋಡಿ ಪಕ್ಕಕ್ಕೆ ಬಂದು ಕೂತ.

"ಮೊದಲ್ನೇ ಕೆಲ್ಸಾನಾ ತಂಬಿ?"

"ಹನ್ನೊಂದು ವರ್ಷ ಆಯ್ತಣ್ಣ ನಂಗೆ."

"ಆಹಾ. ಕೈ ನೋಡಿದ್ರೆ ಹನ್ನೊಂದು ದಿನ ಅನ್ಸುತ್ತೆ." ನಕ್ಕ. "ಭಯ ಬೀಳ್ಬೇಡ. ಮೂರ್ನೇ ಹುಣಸೇಮರದ ಹತ್ರ ಒಂದು ಹಳ್ಳ ಇದೆ, ನೀರು ನಿಂತು ಕಾಣೋಲ್ಲ. ಎಡಗಾಲಿ ಮಣ್ಣಿಗಿಳ್ಸಿ ಹೋಗು. ಕ್ಲಚ್ಚು ಬಿಡೋವಾಗ ಮಲಗಿರೋ ಮಗೂನ ಚಾಪೆ ಮೇಲಿಡ್ತೀವಲ್ಲ, ಹಾಗೆ."

"ಇದನ್ನೆಲ್ಲ ನಂಗ್ಯಾಕಣ್ಣ ಹೇಳ್ತೀಯ? ನಾನು ಗೆದ್ರೆ?"

"ಗೆದ್ರೆ ಗೆಲ್ಲು. ಹಳ್ಳಕ್ಕೆ ಬೀಳ್ಸಿ ನಾನು ಗೆಲ್ಲೋದಾ?" ಅಂದ. ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದ: "ನಂಗಂತೂ ಇದು ಬೇಕೇ ಬೇಕು ತಂಬಿ. ಮನೇಲಿ ಹೆಂಡ್ತಿ ಸೆಲ್ಲಾಯಿಗೆ ಲಕ್ವ ಹೊಡೆದಿದೆ. ಮಗ್ಗುಲು ತಿರುಗಿಸೋಕೂ ನಾನೇ ಬೇಕು. ಮಗಳಿಗಿನ್ನೂ ಐದು. ದಿನ ಬಿಟ್ಟು ದಿನ ಮನೇಲಿದ್ರೆ ಸುಧಾರಿಸ್ಕೋಬಹುದು."

ಆಗಲೇ ಎದ್ದು ಹೋಗಿ ಟ್ರೇ ಬದಲಾಯಿಸಬಹುದಿತ್ತು. ಸಮಯವಿತ್ತು, ರಾಶಿ ಹತ್ತು ಹೆಜ್ಜೆಯಲ್ಲಿತ್ತು. ನಾನು ಕೂತೇ ಇದ್ದೆ.

ಅವನು ಮೊದಲು ಹೋದ. ಬರುವಾಗ ಏರಿಯ ತಿರುವಿನಲ್ಲಿ ಆಡುಮಂದೆ ಅಡ್ಡ ಬಂತಂತೆ, ಬ್ರೇಕ್ ಹಾಕಿದ. ಎರಡು ಒಡೆದಿತ್ತು. ಪಾವಾಯಕ್ಕ ಅಂಗೈ ಆಡಿಸಿ, "ಎರಡು. ಇಷ್ಟು ವರ್ಷದಲ್ಲಿ ಯಾರೂ ಇಷ್ಟು ಕಮ್ಮಿ ತಂದಿಲ್ಲ ಕಣಪ್ಪ" ಎಂದಳು. ಅವನ ಮುಖ ಅರಳಿತು.

ನಂತರ ನಾನು. ಚಹಾದಂಗಡಿಯ ಕತೆಯಲ್ಲಿ ನಾನು ಹುಲಿ ಹಾಗೆ ಏರಿ, ಹಂಸದ ಹಾಗೆ ಓಡಿಸಿ, ಹಳ್ಳದ ಮೇಲೆ ಲಾರಿಯನ್ನು ಹಾರಿಸಿ ಇಳಿಸುತ್ತೇನೆ. ನಡೆದದ್ದು ಬೇರೆ. ಗೇರು ಕಿರುಚಿತು. ಮೂರನೇ ಹುಣಸೇಮರ ಯಾವುದೆಂದು ಎಣಿಸುತ್ತ ಹಳ್ಳಕ್ಕೇ ಇಳಿಸಿದೆ. ಟ್ರೇ ಬಾನೆಟ್ಟಿನ ಮೇಲೆ ಕುಣಿಯಿತು, ನಾಲ್ಕೈದು ಸಿಪ್ಪೆ ಬಿರುಕು ಬಿಟ್ಟವು. ಒಂದು ಹನಿಯೂ ಸೋರಲಿಲ್ಲ.

ಪಾವಾಯಕ್ಕ ಅಂಗೈ ಆಡಿಸಿದಳು. ಇನ್ನೊಮ್ಮೆ ಆಡಿಸಿದಳು. ಒಣ.

"ಬೆಚ್ಚಗಿದೆ" ಎಂದಳು.

"ಬಾನೆಟ್ಟಿನ ಬಿಸಿ ಅಕ್ಕಾ" ಎಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ಸೊಂಟದಿಂದ ಕೀಲಿ ಬಿಚ್ಚಿ ನನ್ನ ಕೈಗಿಟ್ಟಳು. ವೀರಮಲೈ ಬಂದು ನನ್ನ ಭುಜ ತಟ್ಟಿದ. "ಹನ್ನೊಂದು ವರ್ಷ ಅಂದಿದ್ದು ನಿಜಾನೇ ಕಣೋ. ನಾನೇ ದಡ್ಡ" ಎಂದು ನಕ್ಕು, ಚಪ್ಪಲಿ ಹಾಕಿಕೊಂಡು ಗೇಟಿನ ಕಡೆ ನಡೆದ. ಆ ಸಂಜೆಯೇ ಸಂಕಗಿರಿಯಲ್ಲಿ ಉತ್ತರದ ಲೈನಿನ ಲಾರಿ ಹತ್ತಿದನೆಂದು ಆಮೇಲೆ ಗೊತ್ತಾಯಿತು.

ನಾನು ಮರೆತದ್ದು ಒಂದೇ. ಪಾವಾಯಕ್ಕನ ಅಂಗಳದಲ್ಲಿ ತುಂಬಿದ ಟ್ರೇ ಎಂದೂ ಹಿಂದೆ ಉಳಿಯುವುದಿಲ್ಲ. ಬಿರುಕು ಬಿಟ್ಟ ಐದರ ಜಾಗಕ್ಕೆ ರಾಶಿಯಿಂದ ಹಸಿ ಮೊಟ್ಟೆ ಇಟ್ಟು, ಅವನ್ನು ಜೇಬಿಗೆ ಹಾಕಿಕೊಂಡಿದ್ದೆ. ಮಿಕ್ಕದ್ದನ್ನು ಎತ್ತುವಷ್ಟರಲ್ಲಿ ಅವಳು "ಇದನ್ನೂ ಹಾಕ್ರೋ" ಎಂದು ಲೋಡಿನವರಿಗೆ ಕೊಟ್ಟುಬಿಟ್ಟಳು. ಸಾವಿರಾರು ಟ್ರೇಗಳ ನಡುವೆ ಅದು ಎಲ್ಲಿ ಸೇರಿತೋ. ನನ್ನ ಮೊದಲ ಓಟ ಪಾಲಕ್ಕಾಡಿಗೆ, ಒಂದು ಲಕ್ಷ ಹಸಿ ಮೊಟ್ಟೆ, ಅವುಗಳಲ್ಲೆಲ್ಲೋ ನನ್ನ ಬೆಂದ ಮೊಟ್ಟೆಗಳು. ರಾತ್ರಿಯಿಡೀ ಹಿಂದೆ ತಿರುಗಿ ತಿರುಗಿ ನೋಡುತ್ತ ಓಡಿಸಿದೆ. ಪಾಲಕ್ಕಾಡಿನ ವ್ಯಾಪಾರಿ ಕೋಯಾ ಇಳಿಸಿಕೊಂಡ, ಚಹಾ ಕುಡಿಸಿದ, ಏನೂ ಹೇಳಲಿಲ್ಲ. ದೇವರು ದೊಡ್ಡವನು ಎಂದುಕೊಂಡೆ.

ಅಂದಿನಿಂದ ನಾನು ಮೊಟ್ಟೆ ತಿಂದಿಲ್ಲ. ಆಂಜನೇಯನ ಹರಕೆ ಎಂದು ಜನ ತಿಳಿದಿದ್ದಾರೆ. ನಾನೂ ಹಾಗೇ ಬಿಟ್ಟಿದ್ದೇನೆ.

ಲಾರಿ ಓಡಿಸುವುದು ಕಲಿತೆ. ಯಾರು ಕಲಿಸಿದರೆಂದೂ ಹೇಳಿಬಿಡುತ್ತೇನೆ. ಎರಡು ತಿಂಗಳಿಗೊಮ್ಮೆ ಬೈಪಾಸಿನಲ್ಲಿ ವೀರಮಲೈಯ ಲಾರಿ ಎದುರಾಗುತ್ತಿತ್ತು. ದೂರದಿಂದಲೇ ಲೈಟು ಮಿನುಗಿಸಿ ನಿಲ್ಲಿಸುತ್ತಿದ್ದ. ಘಾಟಿ ಇಳಿಯುವಾಗ ಬ್ರೇಕಿಗಿಂತ ಗೇರನ್ನು ನಂಬು, ಮಳೆಯಲ್ಲಿ ಮುಂದಿನ ಗಾಡಿಯ ಗಾಲಿ ಗುರುತಿನ ಮೇಲೇ ಹೋಗು, ಹೀಗೆ. "ಕೈ ನಿಂಗೆ ದೇವ್ರು ಕೊಟ್ಟಿದಾನೆ. ಬರೀ ಕಾಲಿಂದು ನಾನು ಹೇಳ್ತೀನಿ" ಎನ್ನುತ್ತಿದ್ದ. "ಸೆಲ್ಲಾಯಕ್ಕ ಹೇಗಿದಾರಣ್ಣ?" ಎಂದರೆ "ಇದಾಳೆ" ಎನ್ನುತ್ತಿದ್ದ, ಅಷ್ಟೇ. ಆಮೇಲಾಮೇಲೆ ಅವನ ಲೈಟು ಕಂಡರೆ ನಾನು ಸರ್ವೀಸ್ ರಸ್ತೆಗೆ ಇಳಿದುಬಿಡುತ್ತಿದ್ದೆ. ಅವನಿಂದ ತಪ್ಪಿಸಿಕೊಂಡ ದಿನವೇ ಚಹಾದಂಗಡಿಯಲ್ಲಿ ನನ್ನ ಕತೆ ಉದ್ದವಾಗುತ್ತಿತ್ತು. ಕೋಲ್ಕತ್ತ ಸೇರಿಕೊಂಡದ್ದು ಹಾಗೆ.

ಈಗ ಪಾವಾಯಕ್ಕನಿಗೆ ಎಪ್ಪತ್ತೇಳು. ಮಂಡಿ ಹಿಡಿದಿದೆ, ಜಗಲಿಯ ಕುರ್ಚಿಯಲ್ಲೇ ಇರುತ್ತಾಳೆ. ಅಂಗಳ ನೋಡಿಕೊಳ್ಳುವವನು ನಾನು. ಟ್ರೇ ಪರೀಕ್ಷೆ ನಡೆಸುವವನೂ ನಾನು. ನಗಬೇಡಿ.

ಹೋದ ತಿಂಗಳು ಒಂದು ಸೀಟು ಖಾಲಿಯಾಯಿತು. ಒಬ್ಬ ಹುಡುಗಿ ಬಂದಳು. ಚೂಡಿದಾರದ ಮೇಲೆ ಖಾಕಿ ಅಂಗಿ, ಇಪ್ಪತ್ತನಾಲ್ಕರ ಸುಮಾರು, ಹೆಸರು ಪೂಂಗೊಡಿ. ಲೈಸೆನ್ಸ್ ಬಂದು ಆರು ತಿಂಗಳು.

"ಎಷ್ಟು ವರ್ಷದ ಸರ್ವೀಸಮ್ಮಾ?" ಎಂದೆ, ನನಗೇ ತಿಳಿಯದೆ.

"ಏನೂ ಇಲ್ಲ ಅಣ್ಣ. ಆರೇಳು ಕಡೆ ಕೇಳ್ದೆ. ಹೆಣ್ಣುಮಗಳಿಗೆ ಕೊಡಲ್ಲ ಅಂತ ಒಬ್ರು, ಅನುಭವ ಇಲ್ದೆ ಕೊಡಲ್ಲ ಅಂತ ಇನ್ನೊಬ್ರು. ಇಲ್ಲಿ ಬರೀ ಮೊಟ್ಟೆ ನೋಡ್ತಾರಂತಲ್ಲ, ಅದಕ್ಕೆ ಬಂದೆ."

ಲಾರಿಗೆ ಡೀಸೆಲ್ ತುಂಬಿಸಿಕೊಂಡು ಬರುವ ತನಕ ಹೊತ್ತಿತ್ತು. ಬಾಯಿ ಸುಮ್ಮನಿರುತ್ತದೆಯೇ? ಶುರು ಮಾಡಿದೆ. ಹುಲಿ, ಹಂಸ, ಹಳ್ಳ. ಅವಳು ನಗಲಿಲ್ಲ, ತಲೆಯಾಡಿಸುತ್ತ ಕೇಳಿದಳು.

"ಗೊತ್ತಣ್ಣ. ಚಿಕ್ಕೋಳಿದ್ದಾಗಿಂದ ಕೇಳಿದೀನಿ" ಎಂದಳು. "ಅಪ್ಪ ಹೇಳ್ತಿದ್ರು. ನಂಗೆ ಕಲಿಸೋವಾಗ್ಲೂ ಅದೇ. ಗೇರು ಕಿರುಚಿದ್ರೆ, 'ನಾಚಿಮುತ್ತು ಹಂಗೆ ಹಾಕ್ತಿರ್ಲಿಲ್ಲ ಕಣೇ, ಅವ್ನ ಟ್ರೇ ಒದ್ದೆ ಆಗಿರ್ಲಿಲ್ಲ' ಅನ್ನೋರು."

"ಯಾರಮ್ಮಾ ನಿಮ್ಮಪ್ಪ?"

"ವೀರಮಲೈ. ನಿಮ್ಮ ಜೊತೆ ಪರೀಕ್ಷೆಗೆ ಬಂದಿದ್ರಲ್ಲ. ಎರಡು ಮೊಟ್ಟೆ ಒಡೆದಿದ್ರು." ಗೇಟಿನ ಕಡೆ ಕೈ ತೋರಿಸಿದಳು. ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಒಬ್ಬ ಮುದುಕ ಕೂತಿದ್ದ. "ನನ್ನ ಸ್ಕೂಟರ್ ಹಿಂದೆ ಕೂತು ಬಂದ್ರು. ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಆಗ್ಬೇಕು."

ಇಷ್ಟು ವರ್ಷ ನನ್ನ ದೊಡ್ಡ ಸುಳ್ಳುಗಳನ್ನು ಯಾರೂ ನಂಬಿರಲಿಲ್ಲ. ಈ ಚಿಕ್ಕದನ್ನು ಒಬ್ಬ ನಂಬಿ, ಮಗಳಿಗೆ ಪಾಠ ಮಾಡಿದ್ದ.

"ಅಮ್ಮ...?" ಎಂದೆ.

"ನಾಲ್ಕು ವರ್ಷ ಇದ್ರಣ್ಣ. ಅಪ್ಪ ನಾಗಪುರದ ಲೈನಲ್ಲಿದ್ರಲ್ಲ, ನಾನೂ ಪಕ್ಕದ್ಮನೆ ಅಜ್ಜೀನೂ ಸೇರಿ ಮಗ್ಗುಲು ತಿರುಗಿಸ್ತಿದ್ವಿ. ನಂಗೆ ಶಕ್ತಿ ಸಾಲ್ತಿರ್ಲಿಲ್ಲ. ಬೆನ್ನೆಲ್ಲ ಹುಣ್ಣಾಗೋಯ್ತು." ಬೇಜಾರಿಲ್ಲದೆ, ದಾರಿ ಹೇಳುವವರ ಹಾಗೆ ಹೇಳಿದಳು. "ಲಾರಿ ಬಂತಣ್ಣ. ಟ್ರೇ ತಗೊಳ್ಲಾ?"

ಅವಳು ಹೋದ ಮೇಲಿನ ಹೊತ್ತನ್ನು ನಾನು ಹೇಗೆ ಕಳೆದೆನೆಂದು ಹೇಳಲಾರೆ. ಗೇಟಿನ ಕಡೆ ನೋಡಲಿಲ್ಲ.

ಒಂಬತ್ತನೇ ನಿಮಿಷಕ್ಕೆ ಬಂದಳು. ನಾನೇ ಹತ್ತಿ ಟ್ರೇ ಎತ್ತಿದೆ. ಅಡಿಗೆ ಅಂಗೈ ಆಡಿಸಿದೆ. ಒದ್ದೆ, ಚೆನ್ನಾಗಿಯೇ ಒದ್ದೆ. ಮೂರು ಒಡೆದಿದ್ದವು. ಹಿಂದಿನ ದಿನ ಎರೋಡಿನಿಂದ ಬಂದಿದ್ದವನು ಎರಡು ತಂದಿದ್ದ. ಪಾವಾಯಕ್ಕ ಜಗಲಿಯಿಂದ ಕೂಗಿದಳು.

"ಎಷ್ಟೋ ನಾಚಿಮುತ್ತೂ?"

ಪೂಂಗೊಡಿ ಬಾಯಿ ತೆರೆಯುವ ಮೊದಲೇ ನಾನು ಕೂಗಿದೆ: "ಒಂದೂ ಇಲ್ಲ ಅಕ್ಕಾ! ನನ್ನ ದಾಖಲೆ ಸರಿಗಟ್ಟಿದ್ಳು! ಬೆಣ್ಣೆ ಹಾಗೆ ಓಡ್ಸಿದಾಳೆ!" ಎಂದವನೇ ಟ್ರೇಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

"ಅಣ್ಣಾ, ಮೂರು..." ಎಂದಳು ಹುಡುಗಿ.

"ಸುಮ್ನಿರಮ್ಮಾ ನೀನು."

"ಇಲ್ಲಿ ಬಾ" ಎಂದಳು ಪಾವಾಯಕ್ಕ.

ಹೋದೆ.

"ಅಂಗೈ ತೋರ್ಸು."

ಮೊಣಕೈವರೆಗೂ ಹಳದಿ ಇಳಿಯುತ್ತಿತ್ತು. ಪಾವಾಯಕ್ಕ ತನ್ನ ಸೆರಗಿನಿಂದ ಅದನ್ನು ಒರೆಸಿದಳು, ಮಗುವಿಗೆ ಒರೆಸುವ ಹಾಗೆ. ಆಮೇಲೆ ಕೈ ಬಿಡದೆ ಹೇಳಿದಳು.

"ಇದೇ ಟ್ರೇ ಇಟ್ಕೊಂಡು ನಂಗೆ ಎರಡ್ನೇ ಸಲ ಸುಳ್ಳು ಹೇಳ್ತಿದೀಯ."

ಬೆನ್ನ ಹಿಂದಿನ ಟ್ರೇಯನ್ನು ಜಗಲಿಯ ಮೇಲಿಟ್ಟೆ.

"ನೀನು ಮೊದ್ಲು ಓಡ್ಸಿದ ಮಾರ್ನೇ ದಿನ ಕೋಯಾ ಫೋನ್ ಮಾಡಿದ್ದ. 'ಏನು ಪಾವಾಯಿ, ನಿಮ್ಮೂರ ಕೋಳಿ ಈಗ ಬೇಯಿಸ್ಕೊಂಡೇ ಇಡ್ತಾವಾ' ಅಂದ. ಇಪ್ಪತ್ತೈದು ಮೊಟ್ಟೆ. ನಾನು ತಕ್ಷಣ ವೀರಮಲೈ ಮನೆಗೆ ಆಳು ಕಳಿಸ್ದೆ. ಅವ್ನು ಆಗ್ಲೇ ಉತ್ತರದ ಲೈನ್ ಹತ್ತಿ ಹೋಗಾಗಿತ್ತು. ಫೋನಾದ್ರೂ ಎಲ್ಲಿತ್ತು ಅವ್ನ ಹತ್ರ?"

"ಮತ್ತೆ ನನ್ನನ್ನ್ಯಾಕೆ ಇಟ್ಕೊಂಡೆ ಅಕ್ಕಾ?"

"ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ. ಎರಡು ತಿಂಗ್ಳಿಗೆ ಅವ್ನು ವಾಪಸ್ ಬಂದಾಗ ನಾನೇ ಹೇಳ್ಬೇಕಿತ್ತು. ನನ್ನ ಪರೀಕ್ಷೆಗೆ ಒಬ್ಬ ಚಿಕ್ಕಹುಡ್ಗ ಮಂಕುಬೂದಿ ಎರಚ್ದ ಅಂದ್ರೆ ಊರು ನಗುತ್ತೆ ಅಂತ ಬಾಯಿ ಮುಚ್ಕೊಂಡೆ. ಪಾಪ ನಿಂದೊಬ್ಬಂದೇ ಅಲ್ಲ." ಕೈ ಬಿಟ್ಟಳು. "ನೀನು ಇಷ್ಟು ವರ್ಷ ಊರಿಗೆಲ್ಲ ಹೇಳ್ಕೊಂಡು ತಿರುಗ್ದೆಯಲ್ಲ, ಪ್ರತಿ ಸಲ ನನ್ನ ಹೆಸ್ರೂ ಅದಕ್ಕೆ ಸಾಕ್ಷಿ ಆಗ್ತಿತ್ತು."

ಪೂಂಗೊಡಿ ಮೆಟ್ಟಿಲ ಕೆಳಗೆ ನಿಂತು ಎಲ್ಲ ಕೇಳಿದ್ದಳು. ನನ್ನ ಕಡೆ ನೋಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

"ಬೇಯಿಸಿದ್ರಾ?" ಎಂದಳು ಕೊನೆಗೆ.

"ಅತ್ತೆ ಹಂಡೇಲಿ" ಎಂದೆ.

"ನಾನು ಒಂದೊಂದು ಸಲ ಗೇರು ಕಿರುಚಿಸ್ದಾಗ್ಲೂ ಅಪ್ಪ ನಿಮ್ಮ ಹೆಸ್ರು ಹೇಳ್ತಿದ್ರು" ಎಂದಳು. "ಅವ್ರಿಗೆ ನಾನು ಹೇಳೋಲ್ಲ. ನೀವೇ ಹೇಳಿ."

ಪಾವಾಯಕ್ಕ ಸೊಂಟದಿಂದ ಕೀಲಿ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. ಯಾರಿಗೂ ಕೊಡಲಿಲ್ಲ. "ಹೋಗಿ ಬಾ. ಆಮೇಲೆ ಇದ್ರ ಮಾತು" ಎಂದಳು.

ಜಗಲಿಯಿಂದ ಗೇಟಿಗೆ ನಲವತ್ತು ಹೆಜ್ಜೆ. ನಲವತ್ತು ಮೈಲಿ ಎಂದು ಹೇಳಬಹುದಿತ್ತು, ಬೇಡ. ನಲವತ್ತೇ.

ಕಾಲಸಪ್ಪಳ ಕೇಳಿ ಅವನು ಮುಖವೆತ್ತಿದ. ಕಣ್ಣು ಹಾಲು ತೊಟ್ಟಿಕ್ಕಿದಂತೆ ಬೆಳ್ಳಗಿತ್ತು.

"ಯಾರದು, ನಾಚಿಮುತ್ತು ತಂಬೀನಾ? ಎಷ್ಟು ಒಡೆದ್ಳೋ ನನ್ನ ಮಗ್ಳು?"

"ಮೂರಣ್ಣ."

"ಅಯ್ಯೋ. ಆ ಮೂರ್ನೇ ಹುಣಸೇಮರದ ಹಳ್ಳ ಹೇಳಿದ್ದೆ ಅವ್ಳಿಗೆ." ಬೆಂಚಿನ ಮೇಲೆ ಸರಿದು ನನಗೆ ಜಾಗ ಮಾಡಿಕೊಟ್ಟ. "ಎಲ್ರಿಗೂ ನಿನ್ನ ಕೈ ಬರುತ್ತಾ? ನೀನೊಂದು ಮಾತು ಹೇಳ್ಕೊಡು ಅವ್ಳಿಗೆ. ಅವತ್ತು ಆ ಹಳ್ಳ ಹೆಂಗ್ ದಾಟಿಸ್ದೆ ಅಂತ."

ನಾನು ಕೂರಲಿಲ್ಲ.

"ದಾಟಿಸ್ಲಿಲ್ಲ ಅಣ್ಣ. ಬಿದ್ದೆ. ನಿಂಗೆ ಎರಡು ಒಡೆದಿತ್ತು, ಹಸಿಯಾಗಿದ್ರೆ ನಂಗೆ ಹತ್ತು ಒಡೀತಿತ್ತು. ನನ್ನ ಟ್ರೇಲಿದ್ದದ್ದು ಬೇಯಿಸಿದ ಮೊಟ್ಟೆ. ಕೆಲ್ಸ ನಿಂದಾಗಿತ್ತು. ಕೋಲ್ಕತ್ತಾನ ನಾನು ನೋಡೇ ಇಲ್ಲ."